ಕೆಳಗೆ ನೋಡುವ ದೇವದೂತೆಯರು

೧೭ ಡಿಸೆಂಬರ್ ೧೯೮೯
ಭಾನುವಾರ, ಬೆಳಗ್ಗೆ

ಪ್ರೀತಿಯ ಥೆಕ್ಲಾ,

ನಾನು ಬದುಕಿದ್ದೇನೆ. ಕ್ಷೇಮಸಮಾಚಾರ ಕೇಳುವುದಕ್ಕಿಂತ ಮೊದಲು ಇದನ್ನು ಬರೆದುಬಿಡಬೇಕು ಅನ್ನಿಸಿತು. ನಿನ್ನೆ ಮಧ್ಯಾಹ್ನ ನೀನು ನನ್ನ ಬಗ್ಗೆ ಆಡಿದ ಮಾತು ನಿಜವಲ್ಲ. ನನಗೀಗ ಐವತ್ತೊಂದು. ಎರಡು ಹಲ್ಲು ಹೋಗಿವೆ, ಬಲಗೈ ಸ್ವಲ್ಪ ನಡುಗುತ್ತದೆ, ಅಷ್ಟು ಬಿಟ್ಟರೆ ಗಟ್ಟಿಯಾಗಿಯೇ ಇದ್ದೇನೆ.

ಅಕ್ಷರ ನೋಡಿ ಯಾರೆಂದು ನಿನಗೆ ತಿಳಿದಿರುತ್ತದೆ. ಆದರೂ ಹೇಳುತ್ತೇನೆ. ಜೈಫನ್ ಕಣಿವೆಯ ಗೆರ್ಲಿಂಡ. ಗೊಂಬೆ ಕಾರ್ಖಾನೆಯಲ್ಲಿ ಕಿಟಕಿ ಪಕ್ಕದ ಬೆಂಚಿನ ಮೇಲೆ ಆರು ವರ್ಷ ನಿನ್ನ ಎದುರಿಗೆ ಕೂತು ಮರದ ದೇವದೂತೆಯರಿಗೆ ಮುಖ ಬರೆದವಳು. ನೀನು ಗಡಿಯಾಚೆಯಿಂದ ಬರೆದ ಏಳು ಕಾಗದಗಳಿಗೆ ಒಂದು ಸಾಲಿನ ಉತ್ತರವನ್ನೂ ಬರೆಯದವಳು. ಬರೆಯದಿರಲು ಕಾರಣವಿತ್ತು. ನೀನು ಹೋದ ಮೇಲೆ ಮೇಲಿನವರು ನನ್ನನ್ನು ಕರೆಸಿ, ‘ಆ ಕಡೆಗೆ ಕಾಗದ ಹೋದರೆ ನಿನ್ನ ಕೈಯಲ್ಲಿ ಕುಂಚ ಉಳಿಯುವುದಿಲ್ಲ’ ಎಂದಿದ್ದರು. ಅದನ್ನು ನೀನೂ ಊಹಿಸಿರುತ್ತೀಯ ಎಂದುಕೊಂಡು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ.

ನಿನ್ನೆಯ ದಿನವನ್ನು ಮೊದಲಿನಿಂದ ಹೇಳುತ್ತೇನೆ.

ಕಳೆದ ತಿಂಗಳು ಬರ್ಲಿನ್ ಗೋಡೆ ಬಿದ್ದು ಗಡಿ ತೆರೆದಾಗ ಕಣಿವೆಯ ಅರ್ಧ ಜನ ಮರುವಾರವೇ ಹೋಗಿ ಬಂದರು. ಬಾಳೆಹಣ್ಣು ತಂದರು, ಕಾಫಿಪುಡಿ ತಂದರು, ನೋಡಿದ್ದನ್ನು ಬಾಯಿ ನೋಯುವಷ್ಟು ಹೇಳಿದರು. ನಾನು ಹೋಗಲಿಲ್ಲ. ನನ್ನ ಗಂಡ ಎಬರ್‌ಹಾರ್ಟ್ ತೀರಿಕೊಂಡು ನಾಲ್ಕು ವರ್ಷವಾಯಿತು. ಒಬ್ಬಳೇ ಎಲ್ಲಿಗೆ ಹೋಗಲಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಮ್ಮ ಜೊತೆ ರೆಕ್ಕೆಗಳಿಗೆ ಬಣ್ಣ ಹಚ್ಚುವ ರೋಸೆಲ್ ಮಾತ್ರ ಬಿಡಲಿಲ್ಲ. ನೀನು ಹೋದ ಮೇಲೆ ಸೇರಿದವಳು, ನಿನ್ನ ಜಾಗದಲ್ಲಿಯೇ ಕೂರುತ್ತಾಳೆ, ಬಾಯಿ ನಿನ್ನದಕ್ಕಿಂತ ಜೋರು. ಒಂದು ದಿನ ಊಟದ ಹೊತ್ತಿಗೆ ಎಲ್ಲರ ಎದುರಿಗೇ ಶುರುಮಾಡಿದಳು:

“ಅಲ್ವೇ ಗೆರ್ಲಿಂಡ, ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಸಿಂಗಾರ ಮಾಡಿ ಸಾಲುಸಾಲಾಗಿ ಗಂಡನ ಮನೆಗೆ ಕಳಿಸಿದೀಯ. ಆ ಊರಲ್ಲಿ ಹೇಗವ್ರೆ ಅಂತ ಒಂದ್ಸಲನಾದ್ರೂ ನೋಡ್ಕೊಂಡು ಬರಬೇಡ್ವಾ? ಎಂಥಾ ತಾಯಿನೇ ನೀನು!”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾವು ಮಾಡಿದ ಒಳ್ಳೆಯ ಗೊಂಬೆಗಳೆಲ್ಲ ಹುಲ್ಲಿನಲ್ಲಿ ಸುತ್ತಿಸಿಕೊಂಡು ಗಡಿಯಾಚೆಗೆ ಮಾರಾಟಕ್ಕೆ ಹೋಗುತ್ತಿದ್ದವು, ನಿನಗೆ ಗೊತ್ತಲ್ಲ. ಪೆಟ್ಟಿಗೆಯ ಮೇಲಿನ ಊರುಗಳ ಹೆಸರನ್ನು ನಾವಿಬ್ಬರೂ ಬಾಯಿಪಾಠ ಮಾಡಿದ್ದೆವು. ನ್ಯೂರೆಂಬರ್ಗ್ ಎಂಬ ಹೆಸರು ಬಂದಾಗಲೆಲ್ಲ ನೀನು ಕಣ್ಣು ಮುಚ್ಚಿ, ಅಲ್ಲಿಯ ಕ್ರಿಸ್ಮಸ್ ಸಂತೆಯಲ್ಲಿ ನಮ್ಮ ಹುಡುಗಿಯರು ಹೇಗೆ ನಿಂತಿರುತ್ತಾರೆ ಎಂದು ಕತೆ ಕಟ್ಟುತ್ತಿದ್ದೆ. ನೀನು ಆ ಊರಿಗೇ ಹೋಗಿ ನೆಲೆಸಿದೆ. ನಾನು ಪೆಟ್ಟಿಗೆ ತುಂಬುತ್ತ ಉಳಿದೆ.

ನಿನ್ನೆ ಬೆಳಕು ಹರಿಯುವ ಮೊದಲೇ ಹೊರಟೆವು. ರೋಸೆಲ್ಲಳ ಗಂಡ ಲೋಥಾರನ ಟ್ರಾಬಾಂಟ್ ಕಾರು. ಹಿಂದಿನ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ದಾರಿಯುದ್ದಕ್ಕೂ ಮಂಜು. ಲೋಥಾರ್ ಗಾಜು ಒರೆಸಿ ಒರೆಸಿ ಸಾಕಾಗಿ, “ಇಬ್ರೂ ಉಸಿರು ಬಿಡೋದು ಸ್ವಲ್ಪ ಕಮ್ಮಿ ಮಾಡ್ರಮ್ಮ, ರಸ್ತೆ ಕಾಣ್ತಿಲ್ಲ” ಎಂದ. “ಉಸಿರು ಬಿಡೋದನ್ನ ನಿಲ್ಸಿದ್ರೆ ನಿನಗೆ ಬಯ್ಯೋರು ಯಾರೋ?” ಎಂದಳು ರೋಸೆಲ್. ಅವರ ಜಗಳ ಕೇಳುತ್ತ ನನಗೆ ಮಂಪರು ಹತ್ತಿತು. ಗಡಿ ದಾಟಿದ್ದು ಯಾವಾಗ ಎಂದೇ ತಿಳಿಯಲಿಲ್ಲ. ನೀನು ಪ್ರಾಣ ಕೈಯಲ್ಲಿ ಹಿಡಿದು ದಾಟಿದ್ದನ್ನು ನಾನು ತೂಕಡಿಸುತ್ತ ದಾಟಿದೆ.

ನಿಮ್ಮ ಚೌಕಕ್ಕೆ ಕಾಲಿಟ್ಟಾಗ ಸರಿಯಾಗಿ ಮಧ್ಯಾಹ್ನ. ಅಷ್ಟು ಜನ ಕತ್ತೆತ್ತಿ ಸುಮ್ಮನೆ ನಿಂತಿದ್ದರು. ಚರ್ಚಿನ ಗಡಿಯಾರದ ಹತ್ತಿರ ಕೀಲುಗೊಂಬೆಯ ಪುಟ್ಟ ಅರಸರು ಒಬ್ಬರ ಹಿಂದೊಬ್ಬರು ಬಂದು ಚಕ್ರವರ್ತಿಯ ಸುತ್ತ ತಿರುಗುತ್ತಿದ್ದರು. ಅವರು ತಿರುಗುವಷ್ಟು ಹೊತ್ತು ಕೆಳಗಿನವರು ಅಲುಗಾಡಲಿಲ್ಲ. ಬಣ್ಣ ಒಣಗಲೆಂದು ಗೊಂಬೆಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟಿರುತ್ತೇವಲ್ಲ, ಹಾಗೆ. ಕೆಂಪು ಕೆನ್ನೆ, ಅರ್ಧ ತೆರೆದ ಬಾಯಿ, ಬಾಯಿಂದ ಹೊರಟ ಬಿಳಿ ಉಸಿರು. ಕೊನೆಯ ಅರಸು ಒಳಗೆ ಹೋದದ್ದೇ ತಡ ಎಲ್ಲರೂ ಒಟ್ಟಿಗೆ ಅಲ್ಲಾಡಿದರು, ಮಾತಾಡಿದರು, ನನ್ನನ್ನು ತಳ್ಳಿಕೊಂಡು ಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದ್ದ ಮಳಿಗೆಗಳ ನಡುವೆ ನೀರಿನಲ್ಲಿ ತೇಲುವ ಎಲೆಯ ಹಾಗೆ ತೇಲಿದೆ. ಜೇನು ಮತ್ತು ಲವಂಗದ ವಾಸನೆ. ಬಿಸಿ ವೈನಿನ ಹಬೆ. ಒಣಹಣ್ಣಿನಿಂದ ಮಾಡಿದ ಕಪ್ಪು ಮುಖದ ಪುಟ್ಟ ಗಂಡ ಹೆಂಡತಿಯರು ಒಂದು ಮಳಿಗೆಯ ತುಂಬ ಕೂತು ಯಾರ ಮೇಲೋ ಚಾಡಿ ಹೇಳುತ್ತಿದ್ದರು. ಮೂರು ಸಣ್ಣ ಸಾಸೇಜು ಇಟ್ಟ ಬ್ರೆಡ್ಡನ್ನು ರೋಸೆಲ್ ನನ್ನ ಕೈಗೆ ತುರುಕಿದಳು. ತಿಂದೆನೋ ಇಲ್ಲವೋ ನೆನಪಿಲ್ಲ. ಎಲ್ಲೋ ಮೇಲಿನಿಂದ ತುತ್ತೂರಿಯ ಹಾಡು ಇಳಿದು ಬರುತ್ತಿತ್ತು. ಥೆಕ್ಲಾ, ನೀನು ಕಣ್ಣು ಮುಚ್ಚಿ ಕಟ್ಟುತ್ತಿದ್ದ ಕತೆಯೊಳಗೇ ನಡೆಯುತ್ತಿದ್ದೇನೆ ಅನ್ನಿಸಿತು. ಒಂದೇ ವ್ಯತ್ಯಾಸವೆಂದರೆ, ನಿನ್ನ ಕತೆಯಲ್ಲಿ ಹಿಮ ಬೀಳುತ್ತಿತ್ತು. ನಿನ್ನೆ ಬೀಳಲಿಲ್ಲ.

ರೋಸೆಲ್ ಮತ್ತು ಲೋಥಾರ್ ಯಾವುದೋ ಬೂಟಿನ ಅಂಗಡಿ ಹುಡುಕಿಕೊಂಡು ಹೋದರು. ಐದು ಗಂಟೆಗೆ ಕಾರಿನ ಹತ್ತಿರ ಸೇರುವುದೆಂದು ಮಾತಾಯಿತು.

ನಮ್ಮ ಗೊಂಬೆಗಳ ಮಳಿಗೆ ಕಾರಂಜಿಯ ಕಡೆಯ ಸಾಲಿನಲ್ಲಿತ್ತು. ದೂರದಿಂದಲೇ ಗುರುತು ಹಿಡಿದೆ. ಮೂರು ಹಲಗೆಗಳ ಮೇಲೆ, ಎರಡೂ ಕೈಯಲ್ಲಿ ಮೇಣದಬತ್ತಿ ಹಿಡಿದು, ನಮ್ಮ ಹುಡುಗಿಯರು. ಅವರ ಪಕ್ಕದಲ್ಲಿ ಮರದ ಗಣಿ ಕೆಲಸಗಾರರು. ಒಬ್ಬಳನ್ನು ಎತ್ತಿಕೊಂಡೆ. ಮಳಿಗೆಯ ಹೆಂಗಸು, ಅರವತ್ತು ದಾಟಿದವಳು, ತಲೆಗೆ ಎರಡು ಶಾಲು ಸುತ್ತಿಕೊಂಡವಳು, ಅಲ್ಲಿಂದಲೇ ಕೂಗಿದಳು:

“ಕೈಗವಸು ತೆಗೆದು ಮುಟ್ಟಿ ತಾಯಿ. ಬಣ್ಣ ಉಜ್ಜಿ ಹೋದೀತು.”

“ಈ ಬಣ್ಣ ಉಜ್ಜಿದ್ರೆ ಹೋಗಲ್ಲ” ಎಂದೆ.

“ಬಣ್ಣದ ವಿಷಯ ನಿಮಗೆ ಬಾಳ ಗೊತ್ತೋ?”

“ಮೂವತ್ತು ವರ್ಷ ಹಚ್ಚಿದೀನಿ.”

ಅವಳು ಹಲಗೆಯ ಆಚೆಯಿಂದ ಬಗ್ಗಿ ನನ್ನ ಮುಖ ನೋಡಿದಳು, ನನ್ನ ಹಳೇ ಕೋಟು ನೋಡಿದಳು, ಆಮೇಲೆ ಎರಡೂ ಕೈ ಹಿಡಿದುಕೊಂಡುಬಿಟ್ಟಳು. ಹೆಸರು ಕುನಿಗುಂಡ. ಎಲ್ಲರೂ ಕುನಿಯಮ್ಮ ಎನ್ನುತ್ತಾರಂತೆ. ನಿನಗೇ ಚೆನ್ನಾಗಿ ಗೊತ್ತು. ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಕಾಲಿನ ಹತ್ತಿರ ಕೆಂಡದ ಡಬ್ಬ ಸರಿಸಿ, “ಹಾಗಾದ್ರೆ ಈ ಮೂತಿಗಳನ್ನೆಲ್ಲ ಬರೆದೋರು ನೀವೇನಾ?” ಎಂದಳು.

ಇವಲ್ಲ ಎಂದೆ. ಹೋದ ವರ್ಷದವೂ ಅಲ್ಲ. ಕೈ ನಡುಗತೊಡಗಿದ ಮೇಲೆ ನನ್ನನ್ನು ಮುಖಗಳಿಂದ ಎಬ್ಬಿಸಿ ಪೆಟ್ಟಿಗೆಗಳ ಮುಚ್ಚಳಕ್ಕೆ ಹೂವು ಬರೆಯಲು ಕೂರಿಸಿದ್ದಾರೆ. ಎರಡು ವರ್ಷವಾಯಿತು.

“ಓಹೋ! ಅದಕ್ಕೇ!” ಎಂದು ಕುನಿಯಮ್ಮ ತೊಡೆ ತಟ್ಟಿಕೊಂಡಳು. “ನಮ್ಮ ಹತ್ರ ಒಬ್ರು ಬರ್ತಾರೆ, ಹೊಲಿಗೆಯೋರು. ನನ್ನ ಅತ್ತೆ ಮಳಿಗೆ ಇಟ್ಟಿದ್ದಾಗಿನಿಂದ್ಲೂ ಬರ್ತಾರೆ. ವರ್ಷಾ ಇದೇ ಶನಿವಾರ. ಐವತ್ತು ಗೊಂಬೆ ಇದ್ರೆ ಐವತ್ತನ್ನೂ ಎತ್ತಿ ಎತ್ತಿ ನೋಡಿ, ಒಂದನ್ನ ತಗೋತಾರೆ. ಯಾಕಮ್ಮ, ಎಲ್ಲಾ ಒಂದೇ ಅಲ್ವಾ ಅಂದ್ರೆ, ಇಲ್ಲ, ಕೆಳಗೆ ನೋಡೋಳು ಬೇಕು ಅಂತಾರೆ. ಹೋದ ವರ್ಷ ಕೆಳಗೆ ನೋಡೋಳು ಒಬ್ಳೂ ಸಿಗಲಿಲ್ಲ. ನನಗೇ ಬೈದು ಹೋದ್ರು!”

ಮೊದಲ ವರ್ಷ ನೀನು ನನಗೆ ಹೇಳುತ್ತಿದ್ದುದು ನೆನಪಿದೆಯಾ? ‘ನಿನ್ನ ಹುಡುಗಿಯರೆಲ್ಲ ನೆಲದ ಮೇಲೆ ಸೂಜಿ ಬೀಳಿಸಿಕೊಂಡೋರ ಹಾಗೆ ನೋಡ್ತಾರಲ್ಲೇ!’ ಕಣ್ಣಿನ ಚುಕ್ಕೆಯನ್ನು ಒಂದು ಕೂದಲೆಳೆಯಷ್ಟು ಕೆಳಗೆ ಇಡುವುದು ನನಗೆ ಕೊನೆಯವರೆಗೂ ತಪ್ಪಲಿಲ್ಲ. ಮೇಲ್ವಿಚಾರಕಿ ಬೈದು ಬೈದು ಸುಮ್ಮನಾದಳು.

ಕುನಿಯಮ್ಮ ನನ್ನ ಭುಜದ ಮೇಲಿಂದ ನೋಡಿ, “ಅಗೋ, ನೂರು ವರ್ಷ ಆಯಸ್ಸು ಅವರಿಗೆ. ಬಂದೇಬಿಟ್ರು” ಎಂದಳು.

ನಾನು ತಿರುಗಿ ನೋಡಿದೆ. ಬೂದು ಕೋಟು, ದಾರ ಕಟ್ಟಿದ ಕನ್ನಡಕ, ಎಡಗಾಲು ಸ್ವಲ್ಪ ಎಳೆದು ನಡೆಯುವ ಹೆಂಗಸು. ನಿನ್ನ ಕಾಲಿಗೆ ಏನಾಯಿತು ಥೆಕ್ಲಾ? ಆದರೆ ಗಲ್ಲ ಮುಂದೆ ಮಾಡಿ ಜನರನ್ನು ಸೀಳಿಕೊಂಡು ಬರುವ ಆ ರೀತಿ ಹಾಗೇ ಇತ್ತು. ಕುನಿಯಮ್ಮನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿ ನಾನು ಪಟ್ಟೆ ಬಟ್ಟೆಯ ಹಿಂದೆ ಸರಿದೆ. ಅಷ್ಟು ಬೇಗ ನಾನು ಎದ್ದದ್ದು ವರ್ಷಗಳಲ್ಲೇ ಇಲ್ಲ.

ನೀನು ಒಂದೊಂದನ್ನೇ ಎತ್ತಿ ನೋಡಿದೆ. ಬಟ್ಟೆಯ ಸಂದಿಯಿಂದ ನಿನ್ನ ಬೆರಳು ಕಾಣುತ್ತಿತ್ತು. ಕೈ ಚಾಚಿದ್ದರೆ ಮುಟ್ಟುತ್ತಿದ್ದೆ. ನೀನು ಮೂರು ಹಲಗೆಯನ್ನೂ ನೋಡಿ ಮುಗಿಸಿದೆ. ಆಮೇಲೆ ಕೊನೆಯವಳನ್ನು ಅವಳ ಜಾಗದಲ್ಲಿ ಸರಿಯಾಗಿ ನಿಲ್ಲಿಸಿ, “ಈ ವರ್ಷಾನೂ ಇಲ್ಲ ಕುನಿಯಮ್ಮ” ಎಂದೆ.

“ಬೇರೆಯವಳನ್ನ ತಗೊಂಡು ಹೋಗಿ. ಇವಳು ನೋಡಿ, ಎಷ್ಟು ನಗುಮುಖ.”

“ಬೇರೆಯವಳ ಮುಖ ಮನೆಗೆ ತಗೊಂಡು ಹೋಗಿ ಏನ್ ಮಾಡ್ಲಿ?” ಎಂದು ನೀನು ನಕ್ಕೆ. “ಕೆಳಗೆ ನೋಡೋರನ್ನ ಬರೀತಿದ್ದೋಳು ನನ್ನ ಗೆಳತಿ. ಗೆರ್ಲಿಂಡ ಅಂತ. ಒಂದೇ ಬೆಂಚಲ್ಲಿ ಕೂತ್ಕೋತಿದ್ವಿ. ಕಾಗದ ಬರೀಲಿಲ್ಲ ಅವಳು. ಪರವಾಗಿಲ್ಲ, ವರ್ಷಕ್ಕೊಂದ್ಸಲ ಇಲ್ಲಿ ಬಂದು ಕಣ್ಣು ನೋಡಿದ್ರೆ ಚೆನ್ನಾಗಿದ್ದಾಳೆ ಅಂತ ಗೊತ್ತಾಗೋದು. ಈಗ ಎರಡು ವರ್ಷ ಆಯ್ತು. ಗಡಿ ತೆಗೆದು ಒಂದು ತಿಂಗಳಾಯ್ತು. ಇದ್ದಿದ್ರೆ ಬರ್ತಿರಲಿಲ್ವಾ? ಹೋಗಿಬಿಟ್ಟಿದಾಳೆ ಅನ್ಸುತ್ತೆ.”

ಕುನಿಯಮ್ಮ ಬಾಯಿ ತೆರೆದಳು. ಬಟ್ಟೆಯ ಹಿಂದಿನಿಂದ ನಾನು ಅವಳ ಲಂಗವನ್ನು ಬಿಗಿಯಾಗಿ ಹಿಡಿದು ಎಳೆದೆ. ಅವಳು ಬಾಯಿ ಮುಚ್ಚಿದಳು. ನೀನು ಬರಿಗೈಯಲ್ಲಿ ಹೊರಟುಹೋದೆ.

“ಅಯ್ಯೋ ಪುಣ್ಯಾತ್ಗಿತ್ತಿ, ಕಲ್ಲೇನ್ರೀ ನೀವು? ಹೋಗ್ರೀ, ಕೂಗ್ರೀ!” ಎಂದು ಕುನಿಯಮ್ಮ ನನ್ನನ್ನು ಮಳಿಗೆಯಿಂದ ಆಚೆಗೆ ನೂಕಿದಳು.

ನಾನು ಕೂಗಲಿಲ್ಲ. ಹಿಂದೆ ಹಿಂದೆ ನಡೆದೆ. ಆಗಲೇ ನಾಲ್ಕು ಗಂಟೆಯ ಕತ್ತಲು ಇಳಿಯುತ್ತಿತ್ತು, ಮಳಿಗೆಗಳ ದೀಪಗಳು ಒಂದೊಂದಾಗಿ ಹಳದಿಯಾಗುತ್ತಿದ್ದವು. ನೀನು ಲೆಬ್‌ಕೂಕನ್ ಬಿಸ್ಕತ್ತಿನ ಅಂಗಡಿಯ ಮುಂದೆ ನಿಂತೆ, ನಾನೂ ನಿಂತೆ. ನೀನು ಒಂದು ಪೊಟ್ಟಣ ಕೊಂಡೆ. ಯಾರೋ ಎದುರಾದರು, ನಮಸ್ಕಾರ ಹೇಳಿದೆ. ನನ್ನ ಮೈಯನ್ನು ಜನ ತಾಕಿಕೊಂಡು ಹೋಗುತ್ತಿದ್ದರೂ ಯಾರಿಗೂ ನಾನು ಕಾಣುತ್ತಿಲ್ಲ ಅನ್ನಿಸಿತು. ಸತ್ತವರಿಗೆ ಹೀಗೇ ಇರುತ್ತದೇನೋ. ಬೇಕಾದವರ ಬೆನ್ನು ನೋಡುತ್ತ ದೀಪಗಳ ನಡುವೆ ನಡೆಯುವುದು, ಜೇನಿನ ವಾಸನೆ ಬರುವುದು, ಧ್ವನಿ ಮಾತ್ರ ಇರದಿರುವುದು. ನಿಜ ಹೇಳುತ್ತೇನೆ, ಅದು ಸುಖವಾಗಿಯೇ ಇತ್ತು. ಹಾಗೆಯೇ ನಡೆಯುತ್ತಿರಬಹುದಿತ್ತು.

ನೀನು ಚರ್ಚಿನೊಳಗೆ ಹೋದೆ. ಹೊರಗಿನ ಗದ್ದಲವೆಲ್ಲ ಒಂದು ಬಾಗಿಲಿನಷ್ಟಕ್ಕೇ ನಿಂತುಹೋಯಿತು. ಪಕ್ಕದ ಕಟ್ಟೆಯ ಮೇಲೆ ಸತ್ತವರಿಗೆ ಹಚ್ಚಿದ ಸಣ್ಣ ಮೇಣದಬತ್ತಿಗಳಿದ್ದವು. ನೀನು ಒಂದನ್ನು ತೆಗೆದು, ಪಕ್ಕದ ಬತ್ತಿಯಿಂದ ಹೊತ್ತಿಸಿ, ಮೂರನೆಯ ಸಾಲಿನ ತುದಿಯಲ್ಲಿ ಇಟ್ಟೆ. ಕನ್ನಡಕ ತೆಗೆದೆ. ಕರವಸ್ತ್ರ ಹುಡುಕಿದೆ, ಸಿಗಲಿಲ್ಲ, ಕೈಗವಸಿನಿಂದ ಒರೆಸಿಕೊಂಡೆ. ನಾನು ಕಂಬದ ಹಿಂದೆ ಇದ್ದೆ.

ನೀನು ಹೋದ ಮೇಲೆ ನಾನು ಆ ಮೇಣದಬತ್ತಿಯ ಮುಂದೆ ಮೊಣಕಾಲೂರಿದೆ. ನನಗಾಗಿ ಯಾರೋ ಅಳುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಸ್ವಲ್ಪ ಹೊತ್ತು ನೋಡುತ್ತ ಕೂತೆ, ಆಮೇಲೆ ಉಫ್ ಎಂದು ಊದಿ ಆರಿಸಿಬಿಟ್ಟೆ. ಪಕ್ಕದಲ್ಲಿದ್ದ ಮುದುಕಪ್ಪ, “ಏನಮ್ಮಾ ಇದು, ಸತ್ತೋರ ದೀಪಾನ ಯಾರಾದ್ರೂ ಆರಿಸ್ತಾರಾ?” ಎಂದು ಗದರಿದರು. “ಅವಳು ಸತ್ತಿಲ್ಲ ಯಜಮಾನ್ರೇ, ಇಲ್ಲೇ ಇದಾಳೆ” ಎಂದೆ. ಅವರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಎರಡು ಬೆಂಚು ದೂರ ಹೋಗಿ ಕೂತರು.

ಅಲ್ಲಿಯೇ, ಆ ಹೊಗೆ ಆರುವ ಮೊದಲೇ, ನಿನಗೆ ಬರೆಯಬೇಕೆಂದು ನಿಶ್ಚಯಿಸಿದೆ. ಬರೆದರೆ ಪೂರ್ತಿ ಬರೆಯಬೇಕು.

ಥೆಕ್ಲಾ, ಕಾಗದಕ್ಕೆ ಉತ್ತರ ಬರೆಯದಿರಲು ಮೇಲಿನವರು ಕಾರಣವಲ್ಲ. ಅವರು ಒಂದು ಸಲ ಹೆದರಿಸಿದ್ದು ನಿಜ. ಆದರೆ ರೋಸೆಲ್ ಪ್ರತಿ ಕ್ರಿಸ್ಮಸ್‌ಗೆ ಹ್ಯಾಂಬರ್ಗಿನ ಚಿಕ್ಕಮ್ಮನಿಗೆ ಬರೆಯುತ್ತಾಳೆ, ಅವಳ ಕುಂಚವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನಿನ್ನ ಏಳು ಕಾಗದಗಳಲ್ಲೂ ಮೊದಲ ಸಾಲು ಒಂದೇ ಇರುತ್ತಿತ್ತು: ನಿಮ್ಮಮ್ಮನ ಎದೆನೋವು ಈಗ ಹೇಗಿದೆ? ಅದಕ್ಕೆ ಏನು ಬರೆಯಲಿ? ನನ್ನ ಅಮ್ಮನಿಗೆ ಎದೆನೋವು ಇರಲೇ ಇಲ್ಲ. ಅಮ್ಮ ಆಮೇಲೆ ಹದಿನೇಳು ವರ್ಷ ಆರೋಗ್ಯವಾಗಿ ಬದುಕಿ, ಕಟ್ಟಿಗೆ ಒಡೆದು, ಎಲ್ಲರಿಗೂ ಬೈದು, ನಿದ್ದೆಯಲ್ಲಿ ಹೋದರು.

ಆ ಆಗಸ್ಟಿನಲ್ಲಿ ಅನುಮಾನ ಬಾರದಿರಲೆಂದು ಬೇರೆ ಬೇರೆ ರೈಲಿನಲ್ಲಿ ಬರ್ಲಿನ್ನಿಗೆ ಹೋಗಿ, ನಿಲ್ದಾಣದಲ್ಲಿ ಸೇರಿ, ಒಟ್ಟಿಗೆ ಆಚೆ ದಾಟುವುದೆಂದು ಮಾತಾಗಿತ್ತಲ್ಲ. ಅಮ್ಮನಿಗೆ ಎದೆನೋವು ಬಂದು ನಾನು ಮನೆಯಿಂದ ಹೊರಡಲೇ ಇಲ್ಲವೆಂದು ನೀನು ತಿಳಿದಿದ್ದೀಯ. ನಾನು ಹೊರಟೆ. ಬಂದೆ. ನಿನಗಿಂತ ಮೊದಲೇ ಬಂದಿದ್ದೆ. ನೀನು ನೀಲಿ ಬಟ್ಟೆಯಲ್ಲಿ ಬಂದು ನಿಂತದ್ದನ್ನು ಸಾಮಾನಿನ ಗಾಡಿಯ ಹಿಂದಿನಿಂದ ನೋಡಿದೆ. ನಿನ್ನ ಕೈಯಲ್ಲಿ ಎರಡು ಟಿಕೀಟಿದ್ದವು. ಒಂದು ಗಂಟೆ ಹತ್ತು ನಿಮಿಷ ಕಾದೆ ನೀನು. ಪ್ರತಿ ರೈಲು ಬಂದಾಗಲೂ ನಿನ್ನ ಮುಖ ಅರಳುತ್ತಿತ್ತು. ನನಗೆ ಪೊಲೀಸರ ಭಯವಾಗಲಿಲ್ಲ, ಊರು ಬಿಡುವ ಭಯವೂ ಆಗಲಿಲ್ಲ. ನಿನ್ನ ಆ ಅರಳಿದ ಮುಖ ನೋಡಿ ಭಯವಾಯಿತು. ಇಷ್ಟು ನಂಬುವವಳ ಜೊತೆ ಇಡೀ ಬದುಕು ಕಳೆಯುವಷ್ಟು ನಾನು ಗಟ್ಟಿಯಲ್ಲ ಅನ್ನಿಸಿತು. ನೀನು ಒಬ್ಬಳೇ ಹತ್ತಿದೆ. ರೈಲು ಹೊರಟ ಮೇಲೂ ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದೆ. ಎಂಟು ದಿನ ಕಳೆದು ಗೋಡೆ ಎದ್ದಿತು. ಎದೆನೋವಿನ ಸುಳ್ಳನ್ನು ನಾನೇ ನಿಮ್ಮಮ್ಮನ ಕಿವಿಗೆ ಹಾಕಿದೆ, ನಿನಗೆ ಮುಟ್ಟಲಿ ಎಂದು.

ಗೋಡೆ ಎದ್ದಾಗ ಎಲ್ಲರೂ ಅತ್ತರು. ನನಗೆ ಒಳಗೊಳಗೇ ನಿರಾಳವಾಯಿತು. ಇನ್ನು ಯಾರೂ ನನ್ನನ್ನು ಯಾಕೆ ಹೋಗಲಿಲ್ಲ ಎಂದು ಕೇಳುವಂತಿರಲಿಲ್ಲ. ಇಪ್ಪತ್ತೆಂಟು ವರ್ಷ ಆ ಗೋಡೆಯನ್ನು ಬೈಯುತ್ತ ಅದರ ನೆರಳಿನಲ್ಲಿಯೇ ಕೂತಿದ್ದೆ. ಹೋದ ತಿಂಗಳು ಅದು ಬಿದ್ದ ಸುದ್ದಿ ಬಂದಾಗ ಕಣಿವೆಯಲ್ಲಿ ಕುಣಿಯದೆ ಇದ್ದವಳು ನಾನೊಬ್ಬಳೇ.

ಇಷ್ಟು ಓದಿದ ಮೇಲೆ ನನ್ನನ್ನು ನೋಡುವುದು ಬೇಡ ಅನ್ನಿಸಿದರೆ ಅದು ನ್ಯಾಯವೇ. ಕಾಗದ ಹರಿದುಹಾಕು. ಆದರೆ ಮೇಣದಬತ್ತಿ ಮಾತ್ರ ಮತ್ತೆ ಹಚ್ಚಬೇಡ, ಮತ್ತೆ ಆರಿಸಬೇಕಾಗುತ್ತದೆ. ಸಿಟ್ಟು ಬಂದರೆ ಬದುಕಿರುವವಳ ಮೇಲೆ ಸಿಟ್ಟು ಮಾಡಿಕೋ. ಅದನ್ನು ನಾನು ತಡೆದುಕೊಳ್ಳಬಲ್ಲೆ. ನಿನ್ನೆ ನೀನು ನಕ್ಕದ್ದನ್ನು ತಡೆದುಕೊಳ್ಳಲಾಗಲಿಲ್ಲ.

ನಿನ್ನ ಬೆಂಚಿನವಳು,
ಗೆರ್ಲಿಂಡ

ಮತ್ತೆ: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲವೆಂದು ನೋಡಿರುತ್ತೀಯ. ನಿನ್ನೆ ಐದು ಗಂಟೆಗೆ ಕಾರಿನ ಹತ್ತಿರ ಹೋಗಿ ನಾನು ಬರುವುದಿಲ್ಲ ಎಂದೆ. ರೋಸೆಲ್ ಬಾಯಿಗೆ ಬಂದಂತೆ ಬೈದು, ತನ್ನ ಶಾಲು ನನಗೆ ಹೊದಿಸಿ ಹೋದಳು. ಕುನಿಯಮ್ಮ ಮನೆಯಲ್ಲಿ ಜಾಗ ಕೊಟ್ಟಳು. ಅವಳ ಅಡುಗೆಮನೆಯ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಿನ್ನ ಮನೆ ಇಲ್ಲಿಂದ ನಾಲ್ಕು ಬೀದಿಯಂತೆ. ಇದನ್ನು ನಿನ್ನ ಬಾಗಿಲ ಕೆಳಗೆ ತೂರಿಸಿ, ಎರಡು ಸಲ ತಟ್ಟಿ, ಅಲ್ಲೇ ನಿಲ್ಲುತ್ತೇನೆ. ನೀನು ಈ ಸಾಲು ಓದುವಾಗ ನಾನು ಬಾಗಿಲ ಆಚೆ ಮೆಟ್ಟಿಲ ಮೇಲೆ ಇದ್ದೇನೆ. ಇಲ್ಲಿ ಅವಿತುಕೊಳ್ಳಲು ಏನೂ ಇಲ್ಲವಂತೆ, ಕುನಿಯಮ್ಮನನ್ನು ಕೇಳಿ ತಿಳಿದುಕೊಂಡಿದ್ದೇನೆ. ನಿಧಾನವಾಗಿ ಯೋಚನೆ ಮಾಡು. ಆದರೆ ಕಾಗದವನ್ನು ಎರಡನೇ ಸಲ ಓದಬೇಡ, ನನಗೆ ಮೊದಲಿನ ಹಾಗೆ ಬಹಳ ಹೊತ್ತು ನಿಲ್ಲಲು ಆಗುವುದಿಲ್ಲ.